ಈಚಲಂಗಡಿಯ ಹಿಂದಿನ ಕಿಟಕಿ

ಲಗ್ಗೆರೆಯ ಈ ಮನೆಯನ್ನು ನೋಡಲು ನಾವು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ನನ್ನ ಗಂಡ ಗುರುರಾಜ್ ಗೋಡೆಯಲ್ಲಿ ತೇವ ಇದೆಯಾ ಅಂತ ಬೆರಳಿಟ್ಟು ನೋಡಿದ. ನಾನು ಬಾಲ್ಕನಿಯ ಕಂಬಿಗಳ ನಡುವೆ ಮಗುವಿನ ತಲೆ ತೂರುತ್ತಾ ಅಂತ ನೋಡಿದೆ. ಎದುರಿಗೆ ಯಾವುದೋ ಹಳೇ ಕಟ್ಟಡದ ಬೆನ್ನು ಕಾಣುತ್ತಿತ್ತು: ಬಣ್ಣ ಹೋದ ಗೋಡೆ, ಮೇಲೊಂದು ಮನೆ, ಅದರ ಮೇಲೆ ಕಪ್ಪು ನೀರಿನ ಟ್ಯಾಂಕು, ಕೆಳಗೆ ಕಂಬಿ ಹಾಕಿದ ಪುಟ್ಟ ಕಿಟಕಿ. ಗೋಡೌನ್ ಇರಬೇಕು ಅಂದುಕೊಂಡೆವು. ಅದರ ಮುಖ ಮೇನ್ ರೋಡಿಗಿದೆ, ಆ ಮುಖದ ಮೇಲೆ ‘ಶ್ರೀ ಲಕ್ಷ್ಮೀ ಬಾರ್ ಅಂಡ್ ರೆಸ್ಟೋರೆಂಟ್’ ಅನ್ನೋ ಬೋರ್ಡಿದೆ ಅಂತ ಗೊತ್ತಾದದ್ದು ಸಾಮಾನು ಇಳಿಸಿ, ಹಾಲು ಉಕ್ಕಿಸಿ ಆದ ಮೇಲೆ.

ದಾವಣಗೆರೆಯಲ್ಲಿರುವ ನಮ್ಮತ್ತೆಗೆ ಈ ವಿಷಯ ಇವತ್ತಿಗೂ ಹೇಳಿಲ್ಲ. ಲಿಂಗಪೂಜೆ ಆಗದೆ ಒಂದು ಲೋಟ ನೀರು ಮುಟ್ಟದವರು ಅವರು. ವಿಡಿಯೋ ಕಾಲ್ ಮಾಡಿದಾಗ ನಾನು ಬಾಲ್ಕನಿಗೆ ಬೆನ್ನು ಹಾಕಿ ಕೂತುಕೊಳ್ಳುತ್ತೇನೆ.

ಬಂದ ಮಾರನೆಯ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಹೋದವಳಿಗೆ ಆ ಕಿಟಕಿಯ ಮುಂದೆ ಹೆಂಗಸರು ನಿಂತಿದ್ದು ಕಾಣಿಸಿತು. ಗಾರ್ಮೆಂಟ್ಸಿಗೆ ಹೋಗೋರು, ಊಟದ ಬ್ಯಾಗು ಹೆಗಲಿಗೆ ಹಾಕಿಕೊಂಡೋರು. ಒಬ್ಬೊಬ್ಬರಾಗಿ ಕೈ ಚಾಚೋದು, ಒಳಗಿನಿಂದ ಏನನ್ನೋ ಇಸ್ಕೊಳ್ಳೋದು, ಮುಷ್ಟಿ ಬಿಗಿಮಾಡಿಕೊಂಡು ಹೊರಟುಬಿಡೋದು. ಒಬ್ಬಳ ಸೊಂಟದಲ್ಲಿ ನನ್ನ ಸುಕೃತಿಯಷ್ಟೇ ವಯಸ್ಸಿನ ಮಗು ಇತ್ತು.  ಸೂರ್ಯ ಹುಟ್ಟೋ ಹೊತ್ತಿಗೆ ಹೆಂಗಸರಿಗೂ ಕುಡಿಯೋಕೆ ಕೊಡ್ತಾರೆ ಅಂದರೆ ಇದು ಎಂಥಾ ಬೀದಿ, ನಾವು ಎಲ್ಲಿಗೆ ಬಂದ್ಬಿಟ್ವಿ ಅಂದುಕೊಂಡೆ. ಗುರುರಾಜ್‌ಗೆ ಹೇಳಿದರೆ, ನೋಡ್ಬೇಡ, ಕರ್ಟನ್ ಹಾಕು ಅಂದ. ಎಲ್ಲದಕ್ಕೂ ಅವನ ಹತ್ತಿರ ಇಂಥದ್ದೇ ಉತ್ತರ.

ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಹಗಲು ಮಗುವನ್ನು ನೋಡಿಕೊಳ್ಳಲು ಕೆಳಗಿನ ಮನೆಯವರು ಶಾಂತಿಯನ್ನು ಗೊತ್ತುಮಾಡಿಕೊಟ್ಟರು. ಕೋಲಾರದ ಕಡೆಯ ಹುಡುಗಿ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಾಗ ಅಲ್ಲೇ ಪ್ರೆಸ್ ಮಷೀನಿನಲ್ಲಿದ್ದ ಬಳ್ಳಾರಿಯ ಈರೇಶನನ್ನು ಮೆಚ್ಚಿ ಮದುವೆಯಾದವಳು. ಅವಳಿಗೆ ಮೊದಲ ದಿನವೇ ಎಚ್ಚರಿಕೆ ಹೇಳುವ ಧಾಟಿಯಲ್ಲಿ, ಮಗುವನ್ನು ಆ ಕಿಟಕಿ ಕಡೆ ಕರ್ಕೊಂಡು ಹೋಗ್ಬೇಡ, ಬೆಳಿಗ್ಗೆ ಹೆಂಗಸರೆಲ್ಲ ಅಲ್ಲಿ ಕುಡಿಯೋಕೆ ತಗೋತಾರೆ ಅಂದೆ. ಅವಳು ನಕ್ಕಿದ್ದಕ್ಕೆ ಮಡಿಲಲ್ಲಿದ್ದ ಸುಕೃತಿಯೂ ನಕ್ಕಳು.

“ಅಯ್ಯೋ ಅಕ್ಕ, ಅದು ಎಣ್ಣೆ ಅಲ್ಲ, ಗಾಡಿ ಕೀ. ನಾನೂ ಈಗ ಇಸ್ಕೊಂಡೇ ಬಂದೆ,” ಅಂತ ಪರ್ಸಿನಿಂದ ಒಂದು ಬೈಕಿನ ಕೀ ತೆಗೆದು ತೋರಿಸಿದಳು.

ಆ ಅಂಗಡಿಯ ಪದ್ಧತಿ ಹಾಗೆ. ಗಾಡಿಯಲ್ಲಿ ಬಂದವನು ಕುರ್ಚಿಗೆ ಕೂರುವ ಮುಂಚೆಯೇ ಬಾಗಿಲ ಹತ್ತಿರ ಕೂತ ಯಜಮಾನಿ ಲಕ್ಷ್ಮಮ್ಮನ ಕೈಗೆ ಕೀ ಕೊಡಬೇಕು. ಕೊಟ್ಟ ಮೇಲೆ ಆ ರಾತ್ರಿ ಅದು ವಾಪಸ್ ಸಿಗೋದಿಲ್ಲ. ನಡೆದುಕೊಂಡು ಮನೆಗೆ ಹೋಗಬೇಕು, ಗಾಡಿ ಅಂಗಡಿಯ ಹಿಂದೆ ನಮ್ಮ ಬೀದಿಯಲ್ಲೇ ನಿಂತಿರುತ್ತೆ. ಬೆಳಿಗ್ಗೆ ಅವನ ಮನೆಯ ಹೆಂಗಸು ಬಂದು ಹಿಂದಿನ ಕಿಟಕಿಯಲ್ಲಿ ಕೀ ಇಸ್ಕೋಬೇಕು. ಹೆಂಡತಿ, ತಾಯಿ, ತಂಗಿ, ಯಾರಾದರೂ ಸರಿ. ಗಂಡಸು ತಾನೇ ಬಂದು ಎಷ್ಟು ಗೋಗರೆದರೂ ಕೊಡೋದಿಲ್ಲ. ಮನೆಯಲ್ಲಿ ಹೆಂಗಸರಿಲ್ಲದ ಬ್ಯಾಚುಲರ್ ಹುಡುಗರು ಆ ಅಂಗಡಿಗೆ ಗಾಡಿ ತರೋದನ್ನೇ ಬಿಟ್ಟಿದ್ದಾರಂತೆ.

ಲಕ್ಷ್ಮಮ್ಮ ತಾವಾಗಿಯೇ ನನ್ನ ಪರಿಚಯ ಮಾಡಿಕೊಂಡರು. ಒಂದು ಬೆಳಿಗ್ಗೆ ಕಿಟಕಿಯ ಕಂಬಿಗೆ ಮುಖ ತಂದು ಮೇಲೆ ನೋಡಿ, “ಏನವ್ವಾ, ದಿನಾ ಪರದೆ ಸಂದೀಲಿ ನೋಡ್ತೀಯ, ಇಳಿದು ಬಂದು ನೋಡು, ಟಿಕೆಟ್ ಏನಿಲ್ಲ,” ಅಂದರು. ನಿಂತಿದ್ದ ಹೆಂಗಸರೆಲ್ಲ ತಿರುಗಿ ನಮ್ಮ ಬಾಲ್ಕನಿ ನೋಡಿದರು. ಇನ್ನು ಹೋಗದೆ ಇರೋಕಾಗುತ್ತಾ?

ಅರವತ್ತೈದು ದಾಟಿದ ಹೆಂಗಸು. ದಪ್ಪ ಕನ್ನಡಕ, ಮೂಗಿನ ಎರಡೂ ಕಡೆ ಮೂಗುಬೊಟ್ಟು, ಹಣೆಯಲ್ಲಿ ಹಚ್ಚೆ. ಮಾಗಡಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದಾಗ ಅವರಿಗೆ ಹದಿನೇಳಂತೆ. ಹಗಲು ಹೊತ್ತು, ಸುಕೃತಿ ಮಲಗಿರುವಾಗ, ಬಾರಿನ ಮೇಲಿರುವ ಅವರ ಮನೆಯ ಮೆಟ್ಟಿಲ ಮೇಲೆ ಕೂತು ನಾನು ಕೇಳಿದ ಕಥೆಗಳನ್ನೆಲ್ಲ ಸೇರಿಸಿದರೆ ಈ ಅಂಗಡಿಯ ಚರಿತ್ರೆ ಆಗುತ್ತೆ, ಅವರ ಚರಿತ್ರೆಯೂ ಅದೇ.

“ನಾನು ಬಂದಾಗ ಇಲ್ಲಿ ರೋಡೂ ಇಲ್ಲ, ಲೈಟೂ ಇಲ್ಲ ಕಣವ್ವ. ಕೆರೆ, ಕೆರೆ ಏರಿ, ಏರಿ ಉದ್ದಕ್ಕೂ ಈಚಲು ಮರ,” ಅನ್ನುತ್ತಿದ್ದರು. ಮಾವ ಚಿನ್ನಪ್ಪ ಮರ ಹತ್ತಿ ಹೆಂಡ ಇಳಿಸುತ್ತಿದ್ದವರು. ಗರಿಯ ಚಪ್ಪರ, ಸಾರಿಸಿದ ಜಗಲಿ, ಸಾಲಾಗಿ ಮಡಕೆ. ಇವತ್ತು ಒಂದು ಮರವೂ ಉಳಿದಿಲ್ಲ, ಬೋರ್ಡಿನ ಮೇಲೆ ಹೆಸರು ಬೇರೆಯೇ ಇದೆ, ಆದರೆ ಹಳೇ ಜನ ಈಗಲೂ ಕರೆಯೋದು ಈಚಲಂಗಡಿ ಅಂತಲೇ. ಹೆಂಡದ ಮಡಕೆ ಇರುವ ಜಾಗಕ್ಕೆ ಯಾರೂ ಮೆಟ್ಟು ಹಾಕಿಕೊಂಡು ಬರುವಂತಿರಲಿಲ್ಲ. ಕಲ್ಲು ಒಡೆಯೋರು, ಗಾಡಿ ಹೊಡೆಯೋರು ಎಲ್ಲರೂ ಹೊರಗೆ ಬಿಟ್ಟು ಬರುತ್ತಿದ್ದರು. ಹೋಗುವಾಗ ಚಿನ್ನಪ್ಪ ಬಾಗಿಲಲ್ಲಿ ನಿಂತು ನೋಡೋರು. ತನ್ನ ಮೆಟ್ಟು ತಾನೇ ಹುಡುಕಿಕೊಂಡು, ಎಡದ್ದು ಎಡಕ್ಕೆ ಬಲದ್ದು ಬಲಕ್ಕೆ ಹಾಕಿಕೊಂಡವನು ಮನೆಗೆ ಹೋಗಬಹುದು. ತಪ್ಪಿದವನು ಜಗಲಿಯ ಮೇಲೆ ಮಲಗಬೇಕು, ಏರಿಯ ಮೇಲೆ ಹೋಗಿ ಕೆರೆಗೆ ಬೀಳೋದು ಬೇಡ ಅಂತ.

ಆಮೇಲೆ ಪೀಣ್ಯದಲ್ಲಿ ಶೆಡ್ಡುಗಳು ಎದ್ದವು. ಲೇತ್ ಕೆಲಸದವರು, ಫೌಂಡ್ರಿಯವರು ಸೈಕಲ್ ಮೇಲೆ ಬರತೊಡಗಿದರು. ಚಿನ್ನಪ್ಪ ಸೈಕಲ್ ಬೀಗದ ಕೀ ಇಸ್ಕೊಂಡು ಸೊಂಟದ ಉಡಿದಾರಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರಂತೆ. ಕೆರೆ ಬತ್ತಿತು, ಸೈಟುಗಳಾದವು, ಈಚಲು ಹೋಯಿತು. ಮಾವನೂ ಹೋದರು. ಗಂಡ ನೀಲಪ್ಪ ಅದೇ ಜಾಗದಲ್ಲಿ ಸಾರಾಯಿ ಪ್ಯಾಕೆಟ್ ಮಾರಿದ. “ಹೆಂಡ ಕುಡಿದೋರು ಹಾಡ್ತಿದ್ರು, ಸಾರಾಯಿ ಕುಡಿದೋರು ಹೊಡೆದಾಡ್ತಿದ್ರು, ಈಗಿನೋರು ಫೋನ್ ನೋಡ್ತಾ ಕೂತಿರ್ತಾರೆ,” ಅಂತ ಲಕ್ಷ್ಮಮ್ಮ ಮೂರು ಕಾಲವನ್ನು ಒಂದೇ ಉಸಿರಿಗೆ ಮುಗಿಸಿದರು. ಸರ್ಕಾರ ಸಾರಾಯಿ ನಿಲ್ಲಿಸಿದಾಗ ಅಂಗಡಿ ಮುಚ್ಚಿ ಸ್ವಲ್ಪ ಕಾಲ ಅದರಲ್ಲೇ ಇಡ್ಲಿ ಹಾಕಿ ಮಾರಿದರು. ಆಮೇಲೆ ಲೈಸೆನ್ಸ್ ಇದ್ದ ಒಬ್ಬರ ಜೊತೆ ಪಾಲುಗಾರಿಕೆಯಾಗಿ ಬಾರ್ ಬಂತು, ಟೈಲ್ಸ್ ಬಂತು, ಬೋರ್ಡ್ ಬಂತು.

ನೀಲಪ್ಪ ಸ್ವಂತ ಅಂಗಡಿಯಲ್ಲಿ ಒಂದು ತೊಟ್ಟೂ ಕುಡಿಯಲಿಲ್ಲವಂತೆ. ಸಂಜೆಯಾದರೆ ಸುಂಕದಕಟ್ಟೆಗೆ ಹೋಗಿ ಕುಡಿಯುತ್ತಿದ್ದ. ಯಾಕೆ ಅಂತ ಕೇಳಿದೆ. “ಇಲ್ಲಿ ಕುಡಿದ್ರೆ ಕೀ ನನ್ನ ಕೈಗೆ ಕೊಡ್ಬೇಕಾಗ್ತದಲ್ಲ,” ಅಂದರು. ಕೊನೆಗೆ ಹೊಟ್ಟೆ ಊದಿ, ಕಣ್ಣು ಹಳದಿಯಾಗಿ ಹೋದ. ಅದನ್ನು ಹೇಳುವಾಗ ಅವರು ಅಳಲಿಲ್ಲ, ಬಿಡಿಸುತ್ತಿದ್ದ ಅವರೆಕಾಯಿಯಿಂದ ಕಣ್ಣೂ ಎತ್ತಲಿಲ್ಲ.

ಅವರು ಕೈ ನಿಲ್ಲಿಸಿದ್ದು ಕರಿಬಸಪ್ಪ ಅನ್ನೋ ಲೇತ್ ಟರ್ನರ್ ವಿಷಯ ಬಂದಾಗ ಮಾತ್ರ. ಆಗೆಲ್ಲ ಕೀ ಇಸ್ಕೊಂಡರೂ, ಮನುಷ್ಯ ನೆಟ್ಟಗಿದ್ದಾನೆ ಅನ್ನಿಸಿದರೆ ಹೋಗುವಾಗ ವಾಪಸ್ ಕೊಡುತ್ತಿದ್ದರು. ಕರಿಬಸಪ್ಪ ಮಿತವಾಗಿ ಕುಡಿಯೋನು, ಮಾತು ಗಂಭೀರ. ಮಳೆ ಬರೋ ಹಾಗಿದೆ, ಮನೆಯಲ್ಲಿ ಬಸುರಿ ಹೆಂಡತಿ ಒಬ್ಬಳೇ ಇದ್ದಾಳೆ ಅಂದ. ಕೊಟ್ಟರು. ತುಮಕೂರು ರೋಡಿನ ತಿರುವಿನಲ್ಲಿ ಲಾರಿಗೆ ಸಿಕ್ಕಿ ಸತ್ತ. ಬೆಳಿಗ್ಗೆ ಆ ಸುದ್ದಿ ಲಕ್ಷ್ಮಮ್ಮನಿಗೆ ಮುಟ್ಟಿತ್ತು, ಆಸ್ಪತ್ರೆಯವರು ಆಗ ತಾನೇ ಹುಡುಕುತ್ತಿದ್ದ ಹೆಂಡತಿಗೆ ಮುಟ್ಟಿರಲಿಲ್ಲ. ಗಂಡ ಇಲ್ಲೇ ಎಲ್ಲೋ ಮಲಗಿರಬೇಕು ಅಂದುಕೊಂಡು ಅವಳು ಹುಡುಕಿಕೊಂಡು ಬಂದಳು.

“ಹೊಟ್ಟೆ ಹೊತ್ಕೊಂಡು ಬಂದು, ಅಮ್ಮಾ ಅವರ ಗಾಡಿ ಕೀ ಕೊಡಿ ಅಂತ ಈ ಕಿಟಕೀಲಿ ಕೈ ಚಾಚಿದ್ಲು ಕಣವ್ವ. ನಾನು ಆ ಕೈಗೆ ಏನು ಕೊಡ್ಲಿ?”

ಅವತ್ತಿನಿಂದ ಯಾರು ನೆಟ್ಟಗಿದ್ದಾರೆ ಯಾರು ಇಲ್ಲ ಅಂತ ನೋಡೋದನ್ನೇ ಬಿಟ್ಟರು. ಯಾರಾದರೂ ಸರಿ, ಕೂರುವ ಮುಂಚೆ ಕೀ ಕೊಡಬೇಕು. ಹೆಂಗಸಿನ ಕೈಗಷ್ಟೇ ವಾಪಸ್.

ಹಾಗಾದರೆ ಅಂಗಡಿಯನ್ನೇ ಮುಚ್ಚಬಹುದಿತ್ತಲ್ಲ ಅಂತ ನನ್ನ ಬಾಯಿಂದ ಬಂದುಬಿಟ್ಟಿತು. ಬೇಜಾರಾಗುತ್ತಾರೇನೋ ಅಂದುಕೊಂಡೆ. ಅವರು ಸಿಪ್ಪೆ ಗುಡಿಸಿ ಮೊರಕ್ಕೆ ಹಾಕುತ್ತಾ, “ಮುಚ್ಚಿದ್ರೆ ಬೇರೆ ಕಡೆ ಹೋಗಿ ಕುಡೀತಾರೆ, ಅದಕ್ಕೇ ಮುಚ್ಚಿಲ್ಲ ಅಂತ ನಾನಂದ್ರೆ ನೀನು ನಂಬಬೇಡ. ನಂಗೂ ಹೊಟ್ಟೆ ಅದೆ. ಇದರಲ್ಲಿ ಬಂದ ಕಾಸಲ್ಲೇ ಈ ಮನೆ ಎದ್ದಿದ್ದು,” ಅಂದರು.

ಅವರನ್ನು ಕಂಡರೆ ನನಗೆ ಇಷ್ಟ ಅಂತ ಇಲ್ಲಿ ಸಲೀಸಾಗಿ ಬರೆಯೋಕೆ ನನ್ನಿಂದ ಆಗುತ್ತಿಲ್ಲ. ಇಷ್ಟ ಹೌದು. ಆದರೆ ಅದೇ ಬೀದಿಯಲ್ಲಿ ಬೆಳಿಗ್ಗೆ ಗೇಟಿನ ಮುಂದೆ ಯಾರೋ ವಾಂತಿ ಮಾಡಿ ಹೋಗಿರುತ್ತಿದ್ದರು. ಮನೆ ಕಟ್ಟುವವರು ಹಾಕಿದ ಮರಳಲ್ಲಿ ಆಡುತ್ತಿದ್ದ ಸುಕೃತಿ ಒಡೆದ ಬಾಟಲಿಯ ಚೂರನ್ನು, ಅಮ್ಮಾ ಪಚ್ಚೆ ಕಲ್ಲು ಅಂತ ತಂದು ತೋರಿಸಿದಳು. ಆ ರಾತ್ರಿ ನಾನು ಅವಳ ಅಂಗೈಯನ್ನು ಎಷ್ಟು ಸಲ ಬಿಡಿಸಿ ನೋಡಿದೆನೋ. ಇನ್ನೊಂದು ದಿನ ಆಟದ ಲೋಟದಲ್ಲಿ ನೀರು ತಂದು ನನ್ನ ಮುಂದಿಟ್ಟು, “ಸೈಡ್ಸ್ ಏನ್ ಬೇಕು ಸಾರ್?” ಅಂದಳು, ಬಾರಿನ ಹುಡುಗರ ಹಾಗೆ. ಗುರುರಾಜ್ ಬಿದ್ದು ಬಿದ್ದು ನಕ್ಕ. ನನಗೆ ನಗು ಬರಲಿಲ್ಲ. ಮಾತು ಕಲಿಯುತ್ತಿರುವ ಮಗು, ಕೇಳಿದ್ದನ್ನೇ ಅಲ್ಲವಾ ಕಲಿಯೋದು?

ನನ್ನಂಥವರು ಬೀದಿಯಲ್ಲಿ ಇನ್ನೂ ಇದ್ದರು. ಪಕ್ಕದ ಕಟ್ಟಡದ ವಾಸಂತಿ ಆಂಟಿ, ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದ ಅಧಿಕಾರಿಯ ಹೆಂಡತಿ, ಬಡಾವಣೆಯ ಮಹಿಳಾ ಸಂಘ ನಡೆಸುವವರು. ಒಳ್ಳೆಯವರೇ. ಸುಕೃತಿಗೆ ಜ್ವರ ಬಂದಾಗ ರಸಂ ಮಾಡಿ ಕಳಿಸಿದವರು. ಬಾರನ್ನು ಇಲ್ಲಿಂದ ಎತ್ತಿಸಬೇಕು ಅಂತ ಅವರು ಮನವಿ ಹಿಡಿದು ಮನೆಮನೆಗೆ ಬಂದರು. ಜೊತೆಗೆ ತಾರಸಿಯಿಂದ ತೆಗೆದ ಒಂದು ಫೋಟೋ: ಮುಂಜಾನೆ, ಕಿಟಕಿ, ಚಾಚಿದ ಕೈಗಳು. ‘ಬೆಳಗಿನ ಜಾವವೇ ಮಹಿಳೆಯರಿಗೆ ಅಕ್ರಮ ಮದ್ಯ ಮಾರಾಟ’ ಅಂತ ಅದರ ಕೆಳಗೆ ಟೈಪಾಗಿತ್ತು.

ಆಂಟಿ, ಅದು ಮದ್ಯ ಅಲ್ಲ, ಗಾಡಿ ಕೀ ಅಂತ ನಾನು ಎಲ್ಲವನ್ನೂ ವಿವರಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಕೀ ಇಸ್ಕೊಳ್ಳೋ ಕೈ ಯಾವುದಮ್ಮ, ಗ್ಲಾಸ್ ಕಳಿಸೋ ಕೈ ಯಾವುದು? ಎರಡೂ ಆ ಅಮ್ಮನದೇ ತಾನೆ,” ಅಂದರು. “ನಿನಗೂ ಹೆಣ್ಣು ಮಗು ಇದೆ.”

 ನಮ್ಮನೆಯವರು ಬಂದ ನಂತರ ಕೇಳಿ ಹೇಳ್ತೀನಿ ಅಂತ ಕಳಿಸಿದೆ. ಸಂಜೆ ಗುರುರಾಜ್ ಮೆಟ್ಟಿಲ ಹತ್ತಿರವೇ ನಿಂತು ಇಬ್ಬರ ಪರವಾಗಿಯೂ ಸಹಿ ಮಾಡಿ ಬಂದ. ಫೋಟೋ ಕೆಳಗಿನ ಸಾಲು ತೆಗೆಸಿದೆಯಾ ಅಂದರೆ, ಯಾವ ಸಾಲು ಅಂದ.

ಮನವಿ ಹೋದ ಸ್ವಲ್ಪ ದಿನಕ್ಕೆ ಅಬಕಾರಿಯವರ ಜೀಪು ಬಂತು, ಸರಿಯಾಗಿ ಹೆಂಗಸರು ನಿಂತಿದ್ದ ಹೊತ್ತಿಗೆ. ಕಿಟಕಿಯ ಹತ್ತಿರ ಒಂದು ಬಾಟಲಿಯೂ ಸಿಗಲಿಲ್ಲ, ಮೊಳೆಗಳಿಗೆ ತೂಗುಹಾಕಿದ ಕೀಗಳಷ್ಟೇ. ಅವರೂ ಮರ್ಯಾದೆಯಾಗಿಯೇ ಮಾತಾಡಿದರು. ಆದರೆ ಗಿರಾಕಿಗಳ ಗಾಡಿ ಕೀ ಇಟ್ಕೊಳ್ಳೋಕೆ ನಿಮಗೆ ಯಾರು ಹೇಳಿದ್ದು, ನಾಳೆ ಒಂದು ಗಾಡಿ ಕಳುವಾದರೆ ಯಾರು ಹೊಣೆ ಅಂತ ಕೇಳಿದರು. ಲೈಸೆನ್ಸ್ ಈಗ ಲಕ್ಷ್ಮಮ್ಮನ ಮಗ ಉಪೇಂದ್ರನ ಜವಾಬ್ದಾರಿ, ನವೀಕರಣದ ಹೊತ್ತು ಬೇರೆ. ಅವನು ಹೆದರಿದ. ಅದೇ ವಾರ ಕಿಟಕಿಗೆ ಇಟ್ಟಿಗೆ ಕಟ್ಟಿ ಗಾರೆ ಬಳಿಸಿದ. ಕೀ ಇಸ್ಕೊಳ್ಳೋದು ಇನ್ನು ಬೇಡ, ಮೇಲೆ ಆರಾಮಾಗಿ ಟಿವಿ ನೋಡ್ಕೊಂಡಿರು ಅಂತ ತಾಯಿಗೆ ಹೇಳಿದ.

ಬಾರ್ ಹೋಗಲಿಲ್ಲ. ಹೋದದ್ದು ಕಿಟಕಿ ಮಾತ್ರ. ವಾಸಂತಿ ಆಂಟಿ ಇದು ಮೊದಲನೇ ಹೆಜ್ಜೆ ಅಂದರು.

ಈರೇಶನ ಬಗ್ಗೆ ಹೇಳಬೇಕು. ಕುಡಿಯದಿದ್ದಾಗ ಅವನಷ್ಟು ಮೃದು ಮನುಷ್ಯನನ್ನು ನಾನು ನೋಡಿಲ್ಲ. ಬಾಲ್ಕನಿಯ ಕಂಬಿ ನೋಡಿ ನಾನು ಹೆದರೋದನ್ನು ಶಾಂತಿಯಿಂದ ಕೇಳಿ, ಒಂದು ಭಾನುವಾರ ತಾನೇ ಜಾಲರಿ ತಂದು ಬಿಗಿದು ಕೊಟ್ಟ. ಸುಕೃತಿ ಅವನನ್ನು ಮಾಮ ಅನ್ನುತ್ತಾಳೆ. ಆದರೆ ಶಿಫ್ಟ್ ಬಿಟ್ಟ ಮೇಲೆ ಅವನ ಕಾಲು ತಾನಾಗಿ ಈಚಲಂಗಡಿಗೆ ತಿರುಗುತ್ತಿತ್ತು. ಕಿಟಕಿ ಇದ್ದಷ್ಟು ಕಾಲ ಶಾಂತಿ ಅದನ್ನು ಸಹಿಸಿಕೊಂಡಿದ್ದಳು. ಈಗ ಕುಡಿದು ಗಾಡಿ ಓಡಿಸಿಕೊಂಡೇ ಮನೆಗೆ ಬರತೊಡಗಿದ. ಒಂದು ಸಲ ರಾಜಕಾಲುವೆಯ ತಡೆಗೋಡೆಗೆ ಗುದ್ದಿ ಮಂಡಿ ಒಡೆದುಕೊಂಡ. ಇನ್ನೊಂದು ಸಲ ಹೆಲ್ಮೆಟ್ ಎಲ್ಲಿ ಬಿತ್ತು ಅಂತಲೇ ಗೊತ್ತಿಲ್ಲ.

“ಮುಂಚೆ ಅವರು ಬರೋದನ್ನ ಕಾಯ್ತಿದ್ದೆ ಅಕ್ಕ, ಈಗ ಗಾಡಿ ಸದ್ದು ಕಾಯ್ತೀನಿ,” ಅಂದಳು ಶಾಂತಿ, ಸುಕೃತಿಗೆ ಅನ್ನ ಕಲಸುತ್ತಾ. ಕಲಸಿದ್ದನ್ನೇ ಮತ್ತೆ ಮತ್ತೆ ಕಲಸುತ್ತಿದ್ದಳು. ಲಕ್ಷ್ಮಮ್ಮನಿಗೆ ಹೇಳು ಅಂದೆ. ಹೇಳಿದ್ದಳಂತೆ. ಅವಳೊಬ್ಬಳೇ ಅಲ್ಲ, ಎಷ್ಟೋ ಹೆಂಗಸರು ಹೋಗಿ ಹೇಳಿದ್ದರಂತೆ. ಮಗನ ಮಾತು ಮೀರೋದು ಹೇಗೆ ಅಂತ ಅವರು ಸುಮ್ಮನಿದ್ದರಂತೆ.

ಸುಮ್ಮನಿರುವುದು ಅವರಿಂದ ಆಗಲಿಲ್ಲ. ನಿನ್ನೆ ಸಂಜೆ, ಶಾಂತಿ ಮನೆಗೆ ಹೋಗಿ ಸ್ವಲ್ಪ ಹೊತ್ತಾಗಿತ್ತು, ನಾನು ದೇವರ ದೀಪ ಹಚ್ಚುತ್ತಿದ್ದೆ, ಬಾಗಿಲು ಬಡಿದರು. ತೆರೆದರೆ ಲಕ್ಷ್ಮಮ್ಮ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಸೊಂಟಕ್ಕೆ ಸಿಕ್ಕಿಸಿದ್ದ ಒಂದು ಕೀ ತೆಗೆದು ನನ್ನ ಕೈಗಿಟ್ಟರು. ಈರೇಶ ಕೈ ತೊಳೆಯೋಕೆ ಎದ್ದಾಗ ಮೇಜಿನ ಮೇಲಿಂದ ಎತ್ತಿಕೊಂಡು ಬಂದಿದ್ದರು. ಇವತ್ತು ಅವನಿಗೆ ನಿಲ್ಲೋಕೇ ಆಗ್ತಿಲ್ಲ, ಬೆಳಿಗ್ಗೆ ಶಾಂತಿ ಇಲ್ಲಿಗೆ ಬರ್ತಾಳಲ್ಲ, ಅಲ್ಲಿವರೆಗೆ ಇಟ್ಕೋ ಅಂದರು. ನಮ್ಮ ಮನೆ ಅಂದರೆ ಅವನು ಗಲಾಟೆ ಮಾಡೋದಿಲ್ಲ ಅನ್ನೋದು ಅವರ ಲೆಕ್ಕ.

ಬೇಡ ಅನ್ನುವಷ್ಟರಲ್ಲಿ ಕೆಳಗೆ ಚಪ್ಪಲಿ ಸದ್ದು. ಈರೇಶ ಗೋಡೆ ಹಿಡಿದು ಹತ್ತಿ ಬಂದ, ಹಿಂದೆಯೇ ಉಪೇಂದ್ರ. ನನ್ನ ಕಾಲ ಸಂದಿಯಿಂದ ಸುಕೃತಿ “ಮಾಮ” ಅಂದಳು. ಅವಳನ್ನು ಹಿಂದಕ್ಕೆ ತಳ್ಳಿ ಬಾಗಿಲಿಗೆ ಅಡ್ಡ ನಿಂತೆ.  

“ಮೇಡಂ, ಕೀ ಕೊಡ್ರಿ,” ಅಂದ. ಧ್ವನಿ ಎತ್ತರಿಸಲಿಲ್ಲ. ಆಮೇಲೆ ಲಕ್ಷ್ಮಮ್ಮನ ಕಡೆ ತಿರುಗಿದ. “ಎಲ್ಲಾರದೂ ತಗೊಂಡಿದ್ರೆ ಒಂದು ಮಾತಿತ್ತು. ನಂದೊಂದೇ ಯಾಕ ತಗೊಂಡಿ ಅಮ್ಮ, ಅಷ್ಟು ಮಂದಿ ಮುಂದ? ನಿಮ್ಮವ್ವ ಬಂದಾಳ ನೋಡಲೇ ಅಂತ ನಗ್ತಾರ ನನ್ನ.”

ಅವನ ಕಣ್ಣಲ್ಲಿ ನೀರಿತ್ತು. ಲಕ್ಷ್ಮಮ್ಮ ತಲೆ ತಗ್ಗಿಸಿದರು. ಅವರು ಹಾಗೆ ತಗ್ಗಿಸಿದ್ದನ್ನು ನಾನು ಎಂದೂ ನೋಡಿರಲಿಲ್ಲ.

ಕೀ ನನ್ನ ಮುಷ್ಟಿಯಲ್ಲಿತ್ತು. ಕೊಟ್ಟುಬಿಟ್ಟರೆ ಇವರೆಲ್ಲ ಇಳಿದು ಹೋಗುತ್ತಾರೆ, ನಾನು ಬಾಗಿಲು ಹಾಕಿಕೊಳ್ಳಬಹುದು, ಅಷ್ಟೇ ನನಗೆ ಬೇಕಾಗಿದ್ದದ್ದು. ಆದರೆ ಅವನು ಚೌಕಟ್ಟಿಗೆ ಒರಗಿದವನು ಜಾರಿ, ಮತ್ತೆ ಎದ್ದು ನಿಂತ. ಅದನ್ನು ನೋಡಿದ ಮೇಲೆ ಕೈ ಬಿಚ್ಚಲಿಲ್ಲ.

“ಬೆಳಿಗ್ಗೆ ಶಾಂತಿ ಕೈಗೆ ಕೊಡ್ತೀನಿ,” ಅಂದೆ.

“ಹಂಗಾದ್ರ ಶಾಂತಿ ನಾಳಿಂದ ನಿಮ್ಮನಿಗೆ ಬರಂಗಿಲ್ಲ, ತಗೋರಿ.”

ಅಷ್ಟು ಹೇಳಿ ಇಳಿದು ಹೋದ, ಗೋಡೆ ಹಿಡಿದುಕೊಂಡೇ. ಉಪೇಂದ್ರ ನನ್ನನ್ನು ನೋಡಿ, “ಅಂಗಡಿ ಮುಚ್ಚಿಸೋಕೂ ನಿಮ್ಮ ಮನೆಯವರ ಸಹಿ, ಕೀ ಇಟ್ಕೊಳ್ಳೋಕೂ ನಿಮ್ಮ ಮನೆ. ಒಳ್ಳೆ ಚೆನ್ನಾಗಿದೆ ಮೇಡಂ,” ಅಂದ. ತಾಯಿಯ ಕಡೆ ನೋಡದೆ, ಇನ್ನು ನೀನು ಅಂಗಡಿಗೆ ಕಾಲಿಡಬೇಡ ಅಂದು ಹೋದ.

ಲಕ್ಷ್ಮಮ್ಮ ಸ್ವಲ್ಪ ಹೊತ್ತು ನಮ್ಮ ಹೊಸ್ತಿಲ ಹೊರಗೆ ಕೂತಿದ್ದರು. ನೀರು ಕೊಟ್ಟೆ, ಕುಡಿಯಲಿಲ್ಲ.

“ತಪ್ಪು ನಂದೇ ಕಣವ್ವ. ಕುಡಿಯೋಕೆ ಮುಂಚೆ ಕೊಟ್ರೆ ಅದು ಅವನೇ ಕೊಟ್ಟಿದ್ದು. ಕುಡಿದ ಮೇಲೆ ಎತ್ಕೊಂಡ್ರೆ ಅದು ಕಳ್ಳತನ. ಇಷ್ಟು ವರ್ಷ ಮಾಡಿ ನಂಗೆ ಅದು ಗೊತ್ತಿಲ್ವಾ,” ಅಂದರು. ಮೊಣಕಾಲಿಗೆ ಕೈ ಊರಿ ಎದ್ದು ಹೋದರು.

ಗುರುರಾಜ್ ಬಂದ ಮೇಲೆ ಎಲ್ಲ ಹೇಳಿದೆ. ನಾಳೆ ಅವನು ಬಂದು ಬಾಗಿಲು ಒದ್ದರೆ ಏನು ಮಾಡ್ತೀಯ, ಮಗು ಇರೋ ಮನೆ ಇದು ಅಂದ. ಅದನ್ನು ನನಗೆ ಬೇರೆಯವರು ಹೇಳಬೇಕಾ? ಗಾಡಿ ಇಲ್ಲದೆ ನಡೆದು ಹೋದವನು ಹೈವೇ ದಾಟುವಾಗ ಏನಾದರೂ ಆಗಿದ್ದರೆ? ಮನೆಗೆ ಹೋಗಿ ಆ ಸಿಟ್ಟನ್ನು ಶಾಂತಿಯ ಮೇಲೆ ತೀರಿಸಿದ್ದರೆ? ಅವಳಿಗೆ ಫೋನ್ ಮಾಡಿದರೆ ಸ್ವಿಚ್ಡ್ ಆಫ್. ಇಷ್ಟು ವರ್ಷ ಲಕ್ಷ್ಮಮ್ಮ ಅಷ್ಟು ಜನರ ಕೀ ಮೊಳೆಗೆ ಹಾಕಿ ಹೇಗೆ ನಿದ್ದೆ ಮಾಡುತ್ತಿದ್ದರೋ. ಒಂದನ್ನು ಇಟ್ಟುಕೊಂಡು ನನಗೆ ಮಗ್ಗುಲು ಬದಲಾಯಿಸಿ ಸಾಕಾಯಿತು.

ಇವತ್ತು ಬೆಳಿಗ್ಗೆ ಶಾಂತಿ ಬರುವ ಹೊತ್ತು ಮೀರಿತು. ಲ್ಯಾಪ್‌ಟಾಪ್ ತೆರೆದಿಟ್ಟು ಬಾಗಿಲ ಕಡೆಯೇ ನೋಡುತ್ತಿದ್ದೆ. ಬಂದಳು. ಚಪ್ಪಲಿ ಬಿಡಲಿಲ್ಲ, ಒಳಗೆ ಬರಲಿಲ್ಲ. ನಾನು ಮೊದಲು ನೋಡಿದ್ದು ಅವಳ ಮುಖವನ್ನು, ಕೈಗಳನ್ನು. ಗಾಯ ಏನೂ ಕಾಣಲಿಲ್ಲ. ನಾನು ಹಾಗೆ ನೋಡುತ್ತಿದ್ದೇನೆ ಅಂತ ಅವಳಿಗೆ ಗೊತ್ತಾಯಿತು.

ಹೊಡೆದಿಲ್ಲ ಅಕ್ಕ ಅಂದಳು. ಮನೆ ಬಾಗಿಲಲ್ಲೇ ಕೂತುಬಿಟ್ಟನಂತೆ. ಒಳಗೆ ಬರಲಿಲ್ಲವಂತೆ, ಊಟ ಮಾಡಲಿಲ್ಲವಂತೆ. ಅಲ್ಲೇ ಮಲಗಿದ. ಬೆಳಿಗ್ಗೆ ಎದ್ದು, ಆ ಮನೆಯ ಕೆಲಸ ಬಿಡು, ಗಾಡಿ ತರೋಕೆ ನಾನು ಹೋಗಲ್ಲ, ಆ ಬೀದಿಗೆ ಮುಖ ತೋರಿಸಲ್ಲ ಅಂದನಂತೆ. ಫ್ಯಾಕ್ಟರಿಗೆ ನಡೆದುಕೊಂಡು ಹೋದ.

“ಆದ್ರೆ ಇದಾರೆ ಅಕ್ಕ. ಮನುಷ್ಯ ಇದಾರೆ,” ಅಂತ ಕೈ ಚಾಚಿದಳು.

ಕೀ ಕೊಟ್ಟೆ. ಸಂಜೆ ಅವನಿಗೆ ಕೊಡ್ತೀಯಾ ಅಂತ ಕೇಳಿದೆ. ಈಚಲಂಗಡಿ ಬಿಟ್ಟರೂ ಮಾದನಾಯಕನಹಳ್ಳಿ ಕಡೆ ಹೈವೇ ಪಕ್ಕ ಯಾರೂ ಕೀ ಕೇಳದ ಎಷ್ಟು ಬಾರುಗಳಿವೆ ಅಂತ ಇಬ್ಬರ ತಲೆಯಲ್ಲೂ ಇತ್ತು. ಅವಳು ಕೀಯನ್ನು ಪರ್ಸಿಗೆ ಹಾಕಿ ಜಿಪ್ ಎಳೆದಳು.

“ಕೊಡಲ್ಲ.”

“ಕೇಳಿದ್ರೆ?”

“ಕೇಳ್ಲಿ. ಇಷ್ಟು ದಿನ ಆ ಅಮ್ಮನ್ನ ಕೇಳ್ತಿದ್ರು, ಇನ್ಮೇಲೆ ನನ್ನ ಕೇಳ್ಲಿ. ಹೊಡೆದ್ರೆ ಆಗ ನೋಡೋಣ.”

ಸುಕೃತಿ ಅವಳ ಚೂಡಿದಾರ ಹಿಡಿದು ಎಳೆಯುತ್ತಿದ್ದಳು. ಬೆರಳು ಬಿಡಿಸಿ, ಕೆನ್ನೆ ಸವರಿ, ಇಳಿದು ಹೋದಳು. ನಾನು ಮಗುವನ್ನೆತ್ತಿಕೊಂಡು ಬಾಲ್ಕನಿಗೆ ಬಂದೆ. ಶಾಂತಿಗೆ ಗಾಡಿ ಓಡಿಸೋಕೆ ಬರೋದಿಲ್ಲ. ಮುಂಚೆಲ್ಲ ಅವಳಿಂದ ಕೀ ಇಸ್ಕೊಂಡು ಈರೇಶನೇ ಒಯ್ಯುತ್ತಿದ್ದ. ಬೀಗ ತೆಗೆದು, ಸ್ಟ್ಯಾಂಡ್ ಎತ್ತಿ, ಹ್ಯಾಂಡಲ್ ಹಿಡಿದು ತಳ್ಳತೊಡಗಿದಳು. ಈ ಬೀದಿ ಏರು. ನಾಲ್ಕು ಹೆಜ್ಜೆಗೆ ಗಾಡಿ ಹಿಂದಕ್ಕೆ ಜಾರಿತು. ಎದುರು ಮನೆಯ ಮೆಟ್ಟಿಲಿಳಿದು ಲಕ್ಷ್ಮಮ್ಮ ಬಂದರು, ಹಿಂದಿನ ಸೀಟಿಗೆ ಎರಡೂ ಕೈ ಕೊಟ್ಟರು. ಉಪೇಂದ್ರ ಅಂಗಡಿಯ ಹಿಂಬಾಗಿಲು ತೆಗೆಯುತ್ತಿದ್ದವನು ನೋಡಿದ, ನೋಡದ ಹಾಗೆ ಒಳಗೆ ಹೋದ. ವಾಸಂತಿ ಆಂಟಿ ತಾರಸಿಯಲ್ಲಿ ಬಟ್ಟೆ ಹರವುತ್ತಾ ನಿಂತಿದ್ದರು.

ಒಳಗೆ ನನ್ನ ಮೀಟಿಂಗ್ ಕರೆಯುತ್ತಿತ್ತು. ಮಗುವನ್ನು ಯಾರ ಹತ್ತಿರ ಬಿಡಲಿ ಅಂತ ಗೊತ್ತಿಲ್ಲ. ಶಾಂತಿ ಎಲ್ಲಿಗೆ ಹೋಗ್ತಿದಾಳೆ ಅಂತ ಸುಕೃತಿ ಕೇಳಿದಳು. ಮನೆಗೆ ಅಂದೆ. ಇಬ್ಬರು ಹೆಂಗಸರು ಏರು ಮುಗಿಸಿ, ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಂಡು, ಗಾಡಿಯನ್ನು ಮತ್ತೆ ತಳ್ಳಿಕೊಂಡು ಹೋದರು. ಸಂಜೆ ಈರೇಶನ ಶಿಫ್ಟ್ ಬಿಡುವ ಹೊತ್ತಿಗೆ ಶಾಂತಿಗೊಂದು ಫೋನ್ ಮಾಡಬೇಕು.